19,000 ಘನ ಕಿಲೋಮೀಟರ್ ಕುಸಿತಕ್ಕೆ ಸಾಸಿವೆಗಿಂತ ಚಿಕ್ಕ ಸಾಕ್ಷಿ

19,000 ಘನ ಕಿಲೋಮೀಟರ್. ಇಷ್ಟು ಕಲ್ಲುಮಣ್ಣನ್ನು ಗೋವಾದ 3,702 ಚದರ ಕಿಲೋಮೀಟರ್ ನೆಲದ ಮೇಲೆ ಸಮನಾಗಿ ಪೇರಿಸಿದರೆ ಐದು ಕಿಲೋಮೀಟರ್ ಎತ್ತರದ ರಾಶಿಯಾಗುತ್ತದೆ. ಅದು ಮುಳ್ಳಯ್ಯನಗಿರಿಯ ಎರಡೂವರೆ ಪಟ್ಟಿಗೂ ಹೆಚ್ಚು. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕದ ಮೇಲೆ ಹರಡಿದರೂ ಸುಮಾರು ನೂರು ಮೀಟರ್ ದಪ್ಪದ ಪದರ ಬೀಳುತ್ತದೆ. ಕನ್ನಂಬಾಡಿ ಕಟ್ಟೆ ತುಂಬಿದಾಗ ನಿಲ್ಲುವ 49 ಟಿಎಂಸಿ ನೀರಿನ ಹದಿಮೂರು ಸಾವಿರಕ್ಕೂ ಹೆಚ್ಚು ಪಟ್ಟು ಅದು.

ಇಷ್ಟೆಲ್ಲ ನಮ್ಮದೇ ಪಶ್ಚಿಮದ ಕಡಲಿನಲ್ಲಿ, ಭೂಖಂಡದ ಅಂಚಿನಿಂದ ಕಳಚಿ ಆಳಕ್ಕೆ ಜಾರಿದೆ. ವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರು ನಟರಾಜ ಕುಸಿತ. ಸುಮಾರು 8,200 ವರ್ಷಗಳ ಹಿಂದೆ ಸುನಾಮಿ ಎಬ್ಬಿಸಿದ ನಾರ್ವೆಯ ಪ್ರಸಿದ್ಧ ಸ್ಟೊರೆಗಾ ಕುಸಿತದ ಆರು ಪಟ್ಟು ದೊಡ್ಡದು. ಇಂಥ ಶಾಂತ ಭೂಖಂಡದ ಅಂಚುಗಳಲ್ಲಿ ಈವರೆಗೆ ಕಂಡ ಕುಸಿತಗಳ ಪೈಕಿ ಇದಕ್ಕಿಂತ ದೊಡ್ಡದು ದಕ್ಷಿಣ ಆಫ್ರಿಕಾದ ಅಗುಲ್ಹಾಸ್ ಒಂದೇ.

ಗೋವಾದ ನೆಲದ ಮೇಲೆ ಈ ಕುಸಿತದ ಕಾಲದ ಕಡಲಜೀವಿಗಳನ್ನು ಹುಡುಕಿದರೆ ಕೈಗೆ ಬರುವುದು ಮುರಕಲ್ಲು. ಕೋಟಿ ಮಳೆಗಾಲಗಳು ಸುಣ್ಣವನ್ನೆಲ್ಲ ತೊಳೆದುಬಿಟ್ಟ ಆ ಕಲ್ಲಿನಲ್ಲಿ ಚಿಪ್ಪು ಉಳಿಯುವುದಿಲ್ಲ. ಉಳಿದದ್ದು ಕಡಲತಳದಲ್ಲಿ. 2015ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಪೂರ್ವ ಅರಬ್ಬಿ ಸಮುದ್ರದ ಲಕ್ಷ್ಮಿ ಜಲಾನಯನದಲ್ಲಿ ಕೆಲಸ ಮಾಡಿತು. ಅಂತರರಾಷ್ಟ್ರೀಯ ಸಾಗರ ಸಂಶೋಧನಾ ಯೋಜನೆಯ ಆ 355ನೇ ಯಾನದ ಸಾರಥ್ಯವನ್ನು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ಧನಂಜಯ್ ಪಾಂಡೆ ಹಾಗೂ ಆಗ ಅಮೆರಿಕದಲ್ಲಿದ್ದ ಪೀಟರ್ ಕ್ಲಿಫ್ಟ್ ವಹಿಸಿದ್ದರು. ಕರಾವಳಿಯಿಂದ ಸುಮಾರು 475 ಕಿಲೋಮೀಟರ್ ದೂರ, ಮೂರೂವರೆ ಕಿಲೋಮೀಟರ್‌ಗೂ ಹೆಚ್ಚು ನೀರು, ಅದರಡಿಯ ತಳದೊಳಗೆ ಮತ್ತೆ 1,109 ಮೀಟರ್ ಕೊರೆತ. ಕೊಳವೆ ಆ ಕುಸಿತವನ್ನೇ ಹಾಯ್ದು ಹೋಯಿತು. ಒಂದು ತಾಣದಲ್ಲಿ ಅದರ ದಪ್ಪ ಸುಮಾರು 300 ಮೀಟರ್, ಇನ್ನೊಂದರಲ್ಲಿ 200.

ಕುಸಿತದ ಗಾತ್ರವನ್ನು ತಳದಡಿಯ ಪದರಗಳಿಗೆ ಬಡಿದು ಮರಳಿದ ಧ್ವನಿಯಲೆಗಳು ಅಳೆದುಕೊಟ್ಟವು. ಅದು ನಡೆದದ್ದು ಯಾವಾಗ ಎಂದು ಹೇಳಲು ಮಾತ್ರ ಪಳೆಯುಳಿಕೆಗಳೇ ಬೇಕಾದವು.

ಫೊರಾಮಿನಿಫೆರಾ ಒಂದೇ ಜೀವಕೋಶದ ಜೀವಿ. ನೀರಿನಲ್ಲಿ ತೇಲುವ ಬಗೆಗಳು ಸಾಮಾನ್ಯವಾಗಿ ಸಾಸಿವೆಕಾಳಿಗಿಂತ ಚಿಕ್ಕವು, ಕೆಲವೇ ವಾರ ಬದುಕುತ್ತವೆ, ಸತ್ತಾಗ ಸುಣ್ಣದ ಚಿಪ್ಪು ತಳಕ್ಕಿಳಿಯುತ್ತದೆ. ಇನ್ನೂ ಕಿರಿದು ಕಡಲಪಾಚಿಗಳ ಸುಣ್ಣದ ಫಲಕ. ಐದು ಮೈಕ್ರಾನ್ ಅಗಲದವನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿಗೆ ಇನ್ನೂರು ಬೇಕು. ಇವುಗಳ ಪೈಕಿ ನಕ್ಷತ್ರದ ಆಕಾರದ ಡಿಸ್ಕೋಆಸ್ಟರ್‌ಗಳು ಮಯೊಸೀನ್ ಯುಗದ ಕಡಲುಗಳಲ್ಲಿ ತುಂಬಿದ್ದವು. ಸುಮಾರು 19 ಲಕ್ಷ ವರ್ಷಗಳ ಹಿಂದೆ ಪೂರ್ತಿ ಅಳಿದವು.

ತಳಕ್ಕಿಳಿಯುವ ಚಿಪ್ಪುಗಳ ಈ ಮಳೆ ಎಷ್ಟು ನಿಧಾನ? 2006ರಲ್ಲಿ ಅದೇ ಹಡಗು ಗೋವಾದ ನೇರ ಪಶ್ಚಿಮಕ್ಕೆ 2,663 ಮೀಟರ್ ನೀರಿನಡಿ 290 ಮೀಟರ್ ಕೊರೆದಾಗ, ಅಷ್ಟರಲ್ಲೇ ಇಡೀ ಮಯೊಸೀನ್ ಯುಗ ಮುಗಿದು ಅದಕ್ಕೂ ಹಿಂದಿನ ಪದರ ಸಿಕ್ಕಿತು. ಮಯೊಸೀನ್ ಎಂದರೆ 2 ಕೋಟಿ 30 ಲಕ್ಷ ವರ್ಷಗಳ ಹಿಂದಿನಿಂದ 53 ಲಕ್ಷ ವರ್ಷಗಳ ಹಿಂದಿನವರೆಗಿನ ಅವಧಿ. ಸರಾಸರಿ ಲೆಕ್ಕದಲ್ಲಿ ಸಾವಿರ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಬನವಾಸಿಯಲ್ಲಿ ಮಯೂರವರ್ಮ ಕದಂಬ ರಾಜ್ಯ ಕಟ್ಟಿದಂದಿನಿಂದ ಇಂದಿನವರೆಗೆ ಅಲ್ಲಿ ಕೂಡಿಕೊಂಡದ್ದು ಎರಡು ಸೆಂಟಿಮೀಟರಿನ ಆಸುಪಾಸು!

ಪ್ರಭೇದಗಳು ಹುಟ್ಟುತ್ತವೆ, ಅಳಿಯುತ್ತವೆ, ಆ ಕ್ರಮ ಬೇರೆ ಬೇರೆ ಸಾಗರಗಳಲ್ಲಿ ತಾಳೆಯಾಗುತ್ತದೆ. ಹೀಗಾಗಿ ಪ್ರತಿ ಪದರಕ್ಕೂ ತನ್ನ ತೇದಿ ಇರುತ್ತದೆ. ನಟರಾಜ ಕುಸಿತದೊಳಗೆ ಈ ಕ್ರಮ ಕಲಸಿಹೋಗಿದೆ. ತೀರದ ಕಡೆಯ ಆಳವಿಲ್ಲದ ನೀರಿನಲ್ಲಿ ಬೆಳೆದ ಸುಣ್ಣಕಲ್ಲಿನ ಬಂಡೆಗಳು, ಬೇರೆಡೆಯ ಹಳೆಯ ಚಿಪ್ಪುಗಳು ಒಟ್ಟಿಗೆ ಬಿದ್ದಿವೆ. ಅದರ ಮೇಲೆ ಮತ್ತೆ ಕ್ರಮಬದ್ಧ ಪದರ ಶುರು. ಆ ಗಡಿಯ ಪಳೆಯುಳಿಕೆಗಳನ್ನು ಓದಿದಾಗ ಉತ್ತರ ಸಿಕ್ಕಿತು: 1 ಕೋಟಿ 8 ಲಕ್ಷ ವರ್ಷಗಳಿಗೆ ಸ್ವಲ್ಪ ಮುಂಚೆ, ಎರಡು ಹಂತಗಳಲ್ಲಿ. ನದಿಗಳು ತಂದ ಹೂಳಿನಿಂದ ಇಳಿಜಾರು ಕಡಿದಾಗಿತ್ತು. ಕಡೆಯ ತಳ್ಳು ಕೊಟ್ಟದ್ದು ಬಹುಶಃ ಭೂಕಂಪ. ಈಗ ಅಲ್ಲಿ ಮತ್ತೆ ಹಾಗಾಗುವ ಅಪಾಯ ಕಡಿಮೆ ಎಂಬುದು ಸಂಶೋಧಕರ ಅಂದಾಜು.

ಅದೇ 2015ರಲ್ಲಿ ಮಾಲ್ಡೀವ್ಸ್ ಬಳಿ ಕೊರೆದ ಪದರಗಳಿಗೆ ಇಂಥ ಪಳೆಯುಳಿಕೆಗಳಿಂದಲೇ ತೇದಿ ಹಚ್ಚಿ, ಮಾನ್ಸೂನ್ ಗಾಳಿ ನಡೆಸುವ ಸಾಗರ ಪ್ರವಾಹಗಳು ಅಲ್ಲಿ 1 ಕೋಟಿ 29 ಲಕ್ಷ ವರ್ಷಗಳ ಹಿಂದೆ ತಟ್ಟನೆ ಆರಂಭವಾದವೆಂದು ಕಂಡುಕೊಂಡರು. ನಮ್ಮ ಅನ್ನ ನಿಂತಿರುವುದೇ ಮುಂಗಾರಿನ ಮೇಲೆ. ಅದರ ವಯಸ್ಸನ್ನು ತಿಳಿಯಲೂ ಈ ಚಿಪ್ಪುಗಳೇ ಬೇಕು. ಬೆಟ್ಟಗಳನ್ನು ಮೀರಿಸುವ ಘಟನೆಯ ಕಾಲವನ್ನು ಕಣ್ಣಿಗೆ ಬೀಳದ ಜೀವ ಹೇಳಬಲ್ಲದು ಎಂದ ಮೇಲೆ, ಇತಿಹಾಸಕ್ಕೆ ಸೇರಲು ಯಾವ ಜೀವವೂ ತೀರಾ ಚಿಕ್ಕದಲ್ಲ ಎಂದು ನಂಬುವುದಕ್ಕೆ ನನಗೆ ಬೇರೆ ಪುರಾವೆ ಬೇಡ.