ನಿದ್ದೆಗೆಟ್ಟ ಆರೋಗ್ಯ ಸಿಬ್ಬಂದಿ: ಕೋವಿಡ್ ಕಾಲದ ಅನುಭವ ಮತ್ತು ಗ್ರಾಮ ಪಂಚಾಯತಿಯ ಹೊಣೆ

ಕೋವಿಡ್-19ರ ಸಂದರ್ಭದಲ್ಲಿ ಗ್ರಾಮ ಪಂಚಾಯತಿ ಕಾರ್ಯಪಡೆಗಳು ಮಾಸ್ಕ್, ಸ್ಯಾನಿಟೈಸರ್, ಪಲ್ಸ್ ಆಕ್ಸಿಮೀಟರ್‌ಗಳ ಲೆಕ್ಕವನ್ನು ಇಟ್ಟವು. ಅವನ್ನು ಹಿಡಿದು ಮನೆ ಮನೆಗೆ ತೆರಳಿದ ಆಶಾ ಕಾರ್ಯಕರ್ತೆಯರು ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಎಷ್ಟು ಗಂಟೆ ನಿದ್ರಿಸಿದರೆಂದು ಕೇಳುವ ಅಂಕಣ ಆ ನಮೂನೆಗಳಲ್ಲಿ ಇರಲಿಲ್ಲ. ಮುಂದೊಂದು ಸಾಂಕ್ರಾಮಿಕ ಬಂದಾಗ ಮೊದಲು ದಣಿಯುವವರು ಇವರೇ ಆದ್ದರಿಂದ, ಮಾನ್ಯ ಸದಸ್ಯರು ಈ ವಿಷಯವನ್ನು ಅರಿತಿರುವುದು ಅಗತ್ಯವಾಗಿದೆ.

ರೋಗವು ಮೊದಲು ಹಬ್ಬಿದ ಚೀನಾದಲ್ಲಿ 2020ರ ಜನವರಿ ಕೊನೆ ಹಾಗೂ ಫೆಬ್ರುವರಿ ಆರಂಭದಲ್ಲಿ 34 ಆಸ್ಪತ್ರೆಗಳ 1,257 ವೈದ್ಯರು ಮತ್ತು ಶುಶ್ರೂಷಕರನ್ನು ಕುರಿತು ಸಮೀಕ್ಷೆ ನಡೆಯಿತು. ಅವರಲ್ಲಿ ಶೇ. 34ರಷ್ಟು ಮಂದಿಯಲ್ಲಿ ನಿದ್ರಾಹೀನತೆಯ, ಸುಮಾರು ಶೇ. 50ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಕಂಡುಬಂದವು. ಶುಶ್ರೂಷಕರು, ಮಹಿಳೆಯರು ಹಾಗೂ ರೋಗಿಗಳ ನೇರ ಸಂಪರ್ಕದಲ್ಲಿದ್ದವರಲ್ಲಿ ತೊಂದರೆ ಹೆಚ್ಚು ತೀವ್ರವಾಗಿತ್ತು.

ದಣಿದವರಿಗೆ ನಿದ್ದೆ ತಾನಾಗಿಯೇ ಬರಬೇಕಲ್ಲವೇ ಎಂಬ ಪ್ರಶ್ನೆ ಸಹಜ. ನಿದ್ದೆಯನ್ನು ಎರಡು ವ್ಯವಸ್ಥೆಗಳು ನಡೆಸುತ್ತವೆ. ಎಚ್ಚರವಿದ್ದಷ್ಟೂ ನಿದ್ದೆಯ ಒತ್ತಡ ಏರುತ್ತಾ ಹೋಗುವುದು ಒಂದು. ಬೆಳಕು ಕತ್ತಲೆಗಳನ್ನು ಅನುಸರಿಸುವ ಮೆದುಳಿನ ಗಡಿಯಾರ ಇನ್ನೊಂದು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವವರಲ್ಲಿ ಒತ್ತಡವೇನೋ ತುಂಬಿರುತ್ತದೆ, ಆದರೆ ಗಡಿಯಾರವು ಏಳಬೇಕೆಂದು ಹೇಳುತ್ತಿರುತ್ತದೆ. ಇದಕ್ಕೆ ಭಯವೂ ಸೇರಿದರೆ ಶರೀರವು ಅಪಾಯವನ್ನು ಎದುರಿಸುವ ಸ್ಥಿತಿಯಲ್ಲಿಯೇ ಉಳಿದು, ಕಣ್ಣು ಮುಚ್ಚಿದರೂ ಮೆದುಳು ಕಾವಲು ಕಾಯುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಗಮನಶಕ್ತಿಯು, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಕುಸಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ಅಂತಹವರ ಕೈಯಲ್ಲಿ ಔಷಧದ ಪ್ರಮಾಣವೂ ಲಸಿಕೆಯ ದಾಖಲೆಯೂ ಇರುತ್ತವೆ ಎಂಬುದನ್ನು ಮರೆಯಲಾಗದು.

ಗ್ರಾಮದಲ್ಲಿ ಭಯದ ಕಾರಣಗಳು ಬೇರೆಯೇ ಆಗಿದ್ದವು. ಆಶಾ ಕಾರ್ಯಕರ್ತೆ ಅದೇ ಊರಿನವಳು; ಹೋಂ ಕ್ವಾರಂಟೈನ್ ಚೀಟಿ ಅಂಟಿಸಿದ ಮನೆ ಆಕೆಯ ನೆರೆಯವರದೇ ಆಗಿರಬಹುದು. ಸೋಂಕನ್ನು ತಾನೇ ಮಕ್ಕಳಿಗೆ ತಂದೇನೆಂಬ ಅಂಜಿಕೆ, ಊರವರ ಅನುಮಾನದ ನೋಟ, ರಾತ್ರಿಯ ದೂರವಾಣಿ ಕರೆಗಳು ಒಟ್ಟಿಗೇ ಬಂದವು. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗಳ ಕಾರಣದಿಂದ 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಅದೇ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಮಾಸಿಕ 12,000 ರೂ. ಗೌರವಧನಕ್ಕೆ ಆಗ್ರಹಿಸಿ ಮುಷ್ಕರ ಹೂಡಿದರು. ಇಂತಹ ಸ್ಥಿತಿಯಲ್ಲಿ ಯೋಗ, ಧ್ಯಾನಗಳ ಸಲಹೆಯನ್ನಷ್ಟೇ ನೀಡಿ ಕೈತೊಳೆದುಕೊಳ್ಳುವುದು ಸರಿಯಾಗದು. ತೊಂದರೆಯ ಬಹುಪಾಲು ಕೆಲಸದ ವ್ಯವಸ್ಥೆಯಲ್ಲಿದೆ.

ವ್ಯವಸ್ಥೆಯನ್ನು ಬದಲಿಸುವ ಅವಕಾಶ ಸದಸ್ಯರಿಗಿದೆ. ಒಂದೇ ಮಾಹಿತಿಯನ್ನು ಬೇರೆ ಬೇರೆ ಇಲಾಖೆಗಳು ಆಶಾ ಕಾರ್ಯಕರ್ತೆಯಿಂದಲೇ ಪ್ರತ್ಯೇಕವಾಗಿ ಕೇಳದಂತೆ ಪಂಚಾಯತಿಯು ಒಂದೆಡೆ ಕ್ರೋಡೀಕರಿಸಬಹುದು. ರಾತ್ರಿಯ ಕರೆಗಳನ್ನು ಕಾರ್ಯಪಡೆಯ ಸದಸ್ಯರು ಸರದಿಯಂತೆ ಸ್ವೀಕರಿಸಿದರೆ, ನಿಜವಾದ ತುರ್ತು ಇದ್ದಾಗ ಮಾತ್ರ ಆಕೆಯನ್ನು ಎಬ್ಬಿಸಿದರಾಯಿತು. ಸಮೀಕ್ಷೆಗೆ ಜನ ಅಡ್ಡಿಪಡಿಸುವ ಬೀದಿಗೆ ಆ ವಾರ್ಡಿನ ಸದಸ್ಯರೇ ಜೊತೆಗೆ ಹೋಗುವುದು ಎಷ್ಟೋ ಆದೇಶಗಳಿಗಿಂತ ಫಲಕಾರಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಸಿಬ್ಬಂದಿಯ ವಾರದ ರಜೆಯೂ ಚರ್ಚೆಯ ವಿಷಯವಾಗಲಿ.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದರೆ ದೀರ್ಘಕಾಲಿಕ ನಿದ್ರಾಹೀನತೆಯೆಂದು ಪರಿಗಣಿಸಲಾಗುತ್ತದೆ. ಆದರೆ ಅಲ್ಲಿಯವರೆಗೆ ಕಾಯಬೇಕಿಲ್ಲ. ವೈದ್ಯರ ಸಲಹೆಯಿಲ್ಲದೆ ನಿದ್ದೆ ಮಾತ್ರೆ ಸೇವಿಸಬಾರದು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಆಪ್ತಸಮಾಲೋಚನೆ ದೊರೆಯುತ್ತದೆ. ಈ ಸಂಖ್ಯೆಯನ್ನು ಪಂಚಾಯತಿ ಕಚೇರಿ, ಉಪಕೇಂದ್ರ ಹಾಗೂ ಅಂಗನವಾಡಿಗಳ ಗೋಡೆಯ ಮೇಲೆ ಬರೆಯಿಸುವುದು.