ಕೂಡಿ ಹಾಡುವುದರ ಪ್ರಯೋಜನ



ಪುಷ್ಯ ಬಹುಳ ಅಮಾವಾಸ್ಯೆಯು ಪುರಂದರದಾಸರ ಪುಣ್ಯದಿನ. ಅಂದು ಹಂಪೆಯಲ್ಲಿ, ವಿಜಯವಿಠ್ಠಲನ ಗುಡಿಗೆ ಅನತಿದೂರದಲ್ಲಿ, ತುಂಗಭದ್ರೆಯ ದಡದ ಮೇಲಿರುವ ಪುರಂದರ ಮಂಟಪದಲ್ಲಿ ಆರಾಧನೆ ನಡೆಯುತ್ತದೆ. ಮಳೆಗಾಲದಲ್ಲಿ ಹೊಸಪೇಟೆಯ ಅಣೆಕಟ್ಟಿನಿಂದ ಹೆಚ್ಚು ನೀರನ್ನು ಹೊಳೆಗೆ ಬಿಟ್ಟಾಗ ಈ ಮಂಟಪ ಮುಳುಗಿಹೋಗುವುದುಂಟು. ಪುಷ್ಯಮಾಸದ ವೇಳೆಗೆ ಪ್ರವಾಹವಿಳಿದು, ಕಲ್ಲುಗಂಬಗಳು ಒಣಗಿ ನಿಂತಿರುತ್ತವೆ. ಹಾಡಲು ಕುಳಿತವರಲ್ಲಿ ವಿದ್ವಾಂಸರೂ ಉಂಟು, ತಾಳ ಹಿಡಿಯಲು ಮಾತ್ರ ಬಲ್ಲವರೂ ಉಂಟು. ಎಲ್ಲರಿಗೂ ತಿಳಿದ ದೇವರನಾಮವೊಂದರ ಪಲ್ಲವಿ ಬಂದೊಡನೆ, ಅದುವರೆಗೆ ಸುಮ್ಮನೆ ಕೇಳುತ್ತಿದ್ದವರ ತುಟಿಗಳೂ ಅಲ್ಲಾಡತೊಡಗುತ್ತವೆ. ಹಾಡಲು ಬಾರದೆಂದು ಹೇಳಿಕೊಂಡು ಬಂದವನು ತಾನು ಹಾಡುತ್ತಿರುವುದನ್ನು ತಾನೇ ಅರಿಯನು.

ಈ ಸಣ್ಣ ಸಂಗತಿಯೇ ಇಂದಿನ ನಮ್ಮ ಮಾತಿಗೆ ಪೀಠಿಕೆ. ಮಕ್ಕಳಾಗಿದ್ದಾಗ ನಾವೆಲ್ಲರೂ ಶಾಲೆಯ ಪ್ರಾರ್ಥನೆಯಲ್ಲಿ ನಿಸ್ಸಂಕೋಚವಾಗಿ ಹಾಡಿದವರು. ಮೀಸೆ ಮೂಡಿದ ಮೇಲೆ, ಸಂಸಾರದ ಹೊಣೆ ಹೊತ್ತ ಮೇಲೆ, ಆ ಧ್ವನಿ ಎಲ್ಲಿ ಅಡಗಿತು? “ನಮಗೆ ಕಂಠವಿಲ್ಲ, ಸ್ವಾಮಿ” ಎಂಬುದು ಪಟ್ಟಣದ ವಿದ್ಯಾವಂತರ ಸಾಮಾನ್ಯವಾದ ಉತ್ತರ. ಸಂಗೀತವೆಂದರೆ ಟಿಕೇಟು ಕೊಂಡು ಕೇಳತಕ್ಕದ್ದು, ಇಲ್ಲವೆ ಯಂತ್ರದಿಂದ ಹೊರಡತಕ್ಕದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೆಲವರು ಹಾಡುವವರು, ಉಳಿದವರೆಲ್ಲ ಕೇಳುವವರು ಎಂಬ ಈ ವಿಭಾಗದಿಂದ ನಾವು ಪಡೆದುದಕ್ಕಿಂತ ಕಳೆದುಕೊಂಡುದೇ ಹೆಚ್ಚೆಂದು ನಮ್ಮ ಭಾವನೆ. ಅದು ಹೇಗೆಂಬುದನ್ನು ವಿವರಿಸಲು ಯತ್ನಿಸುತ್ತೇವೆ.

ಕೂಡಿ ಹಾಡುವುದು ಪಶ್ಚಿಮದೇಶದವರ ಪದ್ಧತಿ, ನಮ್ಮದು ಒಂಟಿ ಗಾಯಕನ ಸಂಗೀತ, ಎಂದು ಹೇಳುವವರಿದ್ದಾರೆ. ಇದು ಪೂರ್ತಿ ನಿಜವಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದಲ್ಲಿ ವೃಂದದ ಲಕ್ಷಣವನ್ನು ಹೇಳಿದೆ. ಉತ್ತಮವಾದ ಗಾಯನವೃಂದದಲ್ಲಿ ಮುಖ್ಯಗಾಯಕರು 4, ಅವರೊಡನೆ ಹಾಡುವವರು 8, ಗಾಯಕಿಯರು 12, ಕೊಳಲಿನವರು 4, ಮೃದಂಗದವರು 4 ಮಂದಿ ಇರಬೇಕಂತೆ. ಈ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು ಹದಿನೈದನೆಯ ಶತಮಾನದಲ್ಲಿ ವಿಜಯನಗರದಲ್ಲಿಯೇ ಇದ್ದವನು. ಅಂದಮೇಲೆ ಇಂದು ನಾವು ಹಂಪೆಯೆಂದು ಕರೆಯುವ ನೆಲದಲ್ಲಿ ಈ ವಿಷಯದ ಶಾಸ್ತ್ರಚರ್ಚೆ ಐದುನೂರು ವರ್ಷಗಳಿಗೂ ಹಿಂದೆ ನಡೆದಿತ್ತೆಂದಾಯಿತು.

ಶಾರ್ಙ್ಗದೇವನು ವೃಂದಕ್ಕೆ ಆರು ಗುಣಗಳನ್ನು ಹೇಳುತ್ತಾನೆ: ಮುಖ್ಯನನ್ನು ಅನುಸರಿಸುವುದು, ಧ್ವನಿಗಳು ಬೆರೆಯುವುದು, ತಾಳಲಯಗಳನ್ನು ಬಿಡದೆ ನಡೆಯುವುದು, ಮೂರು ಸ್ಥಾಯಿಗಳಲ್ಲಿಯೂ ಸಂಚರಿಸುವ ಶಕ್ತಿ, ನಾದದ ಸಾಮ್ಯ, ಮತ್ತು ಒಬ್ಬರಲ್ಲಿ ತಪ್ಪಿದುದನ್ನು ಇನ್ನೊಬ್ಬರು ತುಂಬಿ ನಡೆಸುವುದು. ಕೊನೆಯದಾಗಿ ಹೇಳಿದ ಈ ಗುಣವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿರಿ. ಒಂಟಿಯಾಗಿ ಹಾಡುವವನ ಉಸಿರು ತುಂಡಾದರೆ ಹಾಡೇ ತುಂಡಾಗುತ್ತದೆ. ಹತ್ತು ಮಂದಿ ಹಾಡುವಾಗ ಒಬ್ಬನ ಉಸಿರು ನಿಂತ ಕಡೆ ಇನ್ನೊಬ್ಬನದು ಸಾಗುತ್ತಿರುತ್ತದೆ. ನಿಂತವನು ಉಸಿರೆಳೆದುಕೊಂಡು ಮತ್ತೆ ಬಂದು ಸೇರಬಹುದು. ಅವನ ಕೊರತೆ ಮುಚ್ಚಿಹೋಗುತ್ತದೆ. ಅವನಿಗೆ ನಾಚಿಕೆಯೂ ಇಲ್ಲ. ಕಂಠವಿಲ್ಲವೆಂದು ಹಿಂಜರಿಯುವವರಿಗೆ ಇದಕ್ಕಿಂತ ದೊಡ್ಡ ಅಭಯ ಬೇಕೆ?

ಈ ಅಭಯವನ್ನು ಶಾಸ್ತ್ರದಿಂದ ಬೀದಿಗೆ ತಂದವರು ಹರಿದಾಸರು. ವ್ಯಾಸರಾಯರ ಆಶ್ರಯದಲ್ಲಿ ಬೆಳೆದ ದಾಸಕೂಟ ಎಂಬ ಹೆಸರಿನಲ್ಲಿಯೇ ಕೂಟವಿದೆ. ರತ್ನಪಡಿ ವ್ಯಾಪಾರವನ್ನು ತೊರೆದು ಬಂದರೆಂದು ಪ್ರತೀತಿಯಿರುವ ಪುರಂದರದಾಸರೂ ದಂಡನಾಯಕರಾಗಿದ್ದು ಬಂದ ಕನಕದಾಸರೂ ಒಂದೇ ಸಭೆಯಲ್ಲಿ ಹಾಡಿದವರು. ಕನಕದಾಸರ ಹುಟ್ಟನ್ನು ಎತ್ತಿಹಿಡಿದು ಆಕ್ಷೇಪಿಸಿದವರಿಗೆ ಗುರುಗಳು ಉತ್ತರ ಕೊಟ್ಟ ಕಥೆಗಳನ್ನು ನಾಡೆಲ್ಲ ಬಲ್ಲದು. ದೇವರನಾಮದ ರಚನೆಯನ್ನೇ ನೋಡಿರಿ. ಚರಣಗಳಲ್ಲಿ ಅರ್ಥ ಬೆಳೆಯುತ್ತ ಹೋಗುತ್ತದೆ, ಅವನ್ನು ಬಲ್ಲವನೊಬ್ಬನು ಹೇಳಿದರೆ ಸಾಕು. ಪಲ್ಲವಿ ಚಿಕ್ಕದು, ಮತ್ತೆ ಮತ್ತೆ ಮರಳುವುದು, ಒಮ್ಮೆ ಕೇಳಿದವನೂ ಎರಡನೆಯ ಸಲ ದನಿಗೂಡಿಸಬಹುದಾದದ್ದು. ಬಲ್ಲವನಿಗೂ ಬಾರದವನಿಗೂ ಒಂದೇ ಹಾಡಿನಲ್ಲಿ ಎಡೆ ಸಿಕ್ಕುತ್ತದೆ. ಸಂಗೀತದ ಮೊದಲ ಪಾಠಗಳಾದ ಸರಳೆ, ಜಂಟಿವರಿಸೆಗಳನ್ನು ಮಾಯಾಮಾಳವಗೌಳದಲ್ಲಿ ಕ್ರಮಪಡಿಸಿದ ಕೀರ್ತಿಯೂ ಪುರಂದರದಾಸರಿಗೇ ಸಲ್ಲುತ್ತದೆ. ದಾಸರು 1564ರಲ್ಲಿ ತೀರಿಕೊಂಡರು. ಮರುವರ್ಷವೇ ರಾಜಧಾನಿ ಹಾಳಾಯಿತು. ಅರಮನೆಗಳು ಅಡಿಗಲ್ಲಿನ ಮಟ್ಟಕ್ಕೆ ಇಳಿದುವು. ಅರಸನ ಆಶ್ರಯವಾಗಲಿ, ಕಟ್ಟಡವಾಗಲಿ ಇಲ್ಲದೆಯೇ ಹಾಡು ಉಳಿಯಿತು. ಅದು ಒಬ್ಬರ ಸೊತ್ತಾಗದೆ ಹಲವರ ಬಾಯಲ್ಲಿದ್ದುದೇ ಇದಕ್ಕೆ ಕಾರಣವೆಂದು ನಾವು ತಿಳಿಯುತ್ತೇವೆ.

ದಾಸರ ಪದಗಳಿಗೆ ಮಾತ್ರ ಈ ಮಾತು ಸಲ್ಲುವುದೆಂದು ಭಾವಿಸಬಾರದು. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸೀಮೆ ಮೇಳದ ಹಾಡಿಗೆ ತವರು. ಹಾರ್ಮೋನಿಯಂ, ತಬಲ, ತಾಳಗಳೊಡನೆ ರಾತ್ರಿಯಿಡೀ ತತ್ತ್ವಪದ ಹಾಡುವ ಭಜನೆಯ ಮೇಳಗಳುಂಟು. ಮೊಹರಂ ಕಾಲದಲ್ಲಿ ಕನ್ನಡದ ರಿವಾಯತ್ ಪದಗಳನ್ನು ಮುಸಲ್ಮಾನರೂ ಹಿಂದುಗಳೂ ಒಂದೇ ಗುಂಪಿನಲ್ಲಿ ನಿಂತು ಹಾಡುವುದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೊಸದೇನಲ್ಲ. ಸಂಡೂರಿನ ಸುತ್ತಣ ತಾಂಡಾಗಳ ಲಂಬಾಣಿ ಹೆಂಗಸರು ವರ್ತುಲವಾಗಿ ನಿಂತು, ಕೈತಟ್ಟುತ್ತ, ಬಾಗುತ್ತ ಹಾಡುತ್ತಾರೆ. ಅಲ್ಲಿ ನೋಡುವವರು, ಆಡುವವರು ಎಂಬ ಗೆರೆಯೇ ತೆಳುವಾದದ್ದು. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು ಓದುಬರಹ ಬಾರದಿದ್ದರೂ ದೀರ್ಘವಾದ ಕಥನಕಾವ್ಯಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ಕಂಪಿಲರಾಯನ ಮಗ ಕುಮಾರರಾಮನ ಕಥೆ ಅವುಗಳಲ್ಲಿ ಒಂದು. 2014ರಲ್ಲಿ ತೀರಿಕೊಂಡ ಆ ತಾಯಿ ಬುರ್ರಕಥೆಯನ್ನು ಒಬ್ಬರೇ ಹಾಡಲಿಲ್ಲ. ಪಕ್ಕದಲ್ಲಿ ದಿಮ್ಮಿ ಬಾರಿಸುತ್ತ, ಸೊಲ್ಲು ಹಿಡಿಯುವ ಜತೆಗಾರ್ತಿಯರಿದ್ದರು. ಕಥೆ ಹೇಳುವವಳು ಉಸಿರೆಳೆದುಕೊಳ್ಳುವಷ್ಟು ಹೊತ್ತು ಹಾಡನ್ನು ಹೊತ್ತು ನಿಂತವರು ಅವರೇ. ಶಾರ್ಙ್ಗದೇವನು ಹೇಳಿದ ಆ ಗುಣವನ್ನು ಅವರು ಪುಸ್ತಕ ನೋಡದೆ ಬಲ್ಲವರು.

ಇನ್ನು ದೇಹಕ್ಕೆ ಆಗುವ ಪ್ರಯೋಜನವೇನೆಂಬುದನ್ನು ನೋಡೋಣ. ಹಾಡುವುದೆಂದರೆ ಕ್ರಮಪಟ್ಟ ಉಸಿರಾಟ. ಮಾತನಾಡುವಾಗ ನಾವು ಎಲ್ಲೆಂದರಲ್ಲಿ ಉಸಿರೆಳೆಯುತ್ತೇವೆ. ಹಾಡುವಾಗ ಸಾಲು ಮುಗಿಯುವವರೆಗೆ ಉಸಿರನ್ನು ನಿಧಾನವಾಗಿ ಬಿಡುತ್ತ ಹೋಗಬೇಕು. ಉಸಿರನ್ನು ಒಳಗೆಳೆದಾಗ ಹೃದಯದ ಬಡಿತ ಕೊಂಚ ಬಿರುಸಾಗುವುದೂ ಹೊರಬಿಟ್ಟಾಗ ಕೊಂಚ ನಿಧಾನವಾಗುವುದೂ ಶರೀರದ ಸಹಜಧರ್ಮ. ಆದುದರಿಂದ ದೀರ್ಘವಾದ ಸಾಲುಗಳ ಹಾಡು ಹೃದಯಕ್ಕೆ ಒಂದು ಬಗೆಯ ವಿಶ್ರಾಂತಿಯನ್ನು ಕೊಡುತ್ತದೆ. ಸ್ವೀಡನ್ ದೇಶದ ಗೋಥೆನ್‌ಬರ್ಗಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಟ್ಟಿಗೆ ಹಾಡುತ್ತಿರುವವರ ಹೃದಯದ ವೇಗಗಳು ಜತೆಯಲ್ಲಿ ಏರಿ ಜತೆಯಲ್ಲಿ ಇಳಿಯುವುದು ಕಂಡುಬಂದಿತು. ಇದರಲ್ಲಿ ಪವಾಡವಿಲ್ಲ. ಹಾಡಿನ ಸಾಲು ಎಲ್ಲರಿಗೂ ಒಂದೇ ಕಡೆ ಉಸಿರಿನ ನಿಲುಗಡೆಯನ್ನು ಕೊಡುತ್ತದೆ. ಉಸಿರು ಕೂಡಿದ ಮೇಲೆ ಎದೆಬಡಿತವೂ ಅದನ್ನು ಹಿಂಬಾಲಿಸುತ್ತದೆ.

ಕೇಳುವುದಕ್ಕೂ ಹಾಡುವುದಕ್ಕೂ ಭೇದವುಂಟೆ? ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದನ್ನೇ ವಿಚಾರಿಸಿತು. ಹವ್ಯಾಸಿ ಗಾಯಕರ ವೃಂದವೊಂದು ಒಮ್ಮೆ ತಾನೇ ಹಾಡಿತು. ಇನ್ನೊಮ್ಮೆ ಅದೇ ಸಂಗೀತವನ್ನು ಕುಳಿತು ಕೇಳಿತು. ಹಾಡಿದ ಮೇಲೆ ಅವರ ಮನಸ್ಸು ಉಲ್ಲಾಸಗೊಂಡಿತ್ತು. ರೋಗನಿರೋಧಕ್ಕೆ ಸಂಬಂಧಿಸಿದ ಒಂದು ವಸ್ತು ಅವರ ಜೊಲ್ಲಿನಲ್ಲಿ ಹೆಚ್ಚಿತ್ತು. ಬರಿದೆ ಕೇಳಿದಾಗ ಆ ಫಲ ಕಾಣಲಿಲ್ಲ.

ಆದರೆ ಇಂತಹ ವಿಷಯದಲ್ಲಿ ಅತ್ಯುಕ್ತಿ ಕೂಡದು. ಭಜನೆಗೆ ಹೋದರೆ ಸಕಲ ರೋಗವೂ ವಾಸಿಯಾಗುವುದೆಂದು ಹೇಳಿದರೆ ಅದು ಸಂತೆಯ ಮದ್ದಿನವನ ಮಾತಾದೀತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ವಯಸ್ಸಾದವರಿಗಾಗಿ ಇರುವ 12 ಕೇಂದ್ರಗಳಲ್ಲಿ 390 ಮಂದಿಯನ್ನು ಆರಿಸಿ, ಅರ್ಧದಷ್ಟು ಕೇಂದ್ರಗಳಲ್ಲಿ ಕೂಡಲೆ ಗಾಯನವೃಂದವನ್ನು ಆರಂಭಿಸಿ, ಉಳಿದ ಕೇಂದ್ರಗಳವರನ್ನು ಆರು ತಿಂಗಳು ಕಾಯಿಸಿ ಹೋಲಿಸಿ ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬುದ್ಧಿಯ ಚುರುಕಿನಲ್ಲಿಯಾಗಲಿ ದೇಹದ ಕಸುವಿನಲ್ಲಿಯಾಗಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಹಾಡಿದವರಲ್ಲಿ ಒಂಟಿತನದ ಭಾವನೆ ಕಡಮೆಯಾಗಿತ್ತು. ಬಾಳಿನಲ್ಲಿ ಆಸಕ್ತಿ ಹೆಚ್ಚಿತ್ತು. ನಮಗೆ ಇಷ್ಟು ಸಾಲದೆ? ಮಕ್ಕಳು ಉದ್ಯೋಗಕ್ಕಾಗಿ ದೂರದ ಊರುಗಳಿಗೆ ಹೋದ ಮೇಲೆ, ಸಂಜೆಯ ಹೊತ್ತು ಎದುರುಬದುರು ಕುಳಿತು ಮಾತು ಮುಗಿದುಹೋದ ವೃದ್ಧದಂಪತಿಗಳು ಹೊಸಪೇಟೆಯಲ್ಲಿಯೂ ಇಲ್ಲದಿಲ್ಲ. ಅವರಿಗೆ ಬೇಕಾದುದು ಕಸುವಿಗಿಂತ ಮೊದಲು ಜತೆ.

ಆ ಜತೆ ಹಾಡಿನಿಂದ ಬೇಗ ದೊರೆಯುವುದೆಂಬುದಕ್ಕೂ ಆಧಾರವಿದೆ. ಆಕ್ಸ್‌ಫರ್ಡಿನ ವಿದ್ವಾಂಸರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡು ಕಲಿಯುವ ವಯಸ್ಕರ ತರಗತಿಗಳನ್ನು ಕೈಕಸುಬಿನ ಮತ್ತು ಬರವಣಿಗೆಯ ತರಗತಿಗಳೊಡನೆ ಏಳು ತಿಂಗಳು ಹೋಲಿಸಿ ನೋಡಿದರು. ಕೊನೆಗೆ ಎಲ್ಲ ತರಗತಿಗಳವರೂ ಸಮಾನವಾಗಿ ಸ್ನೇಹಿತರಾದರು. ಆದರೆ ಹಾಡಿದವರು ಉಳಿದವರಿಗಿಂತ ಬೇಗನೆ ಒಬ್ಬರಿಗೊಬ್ಬರು ಹತ್ತಿರವಾದರು. ಪರಿಚಯವಾದ ಮೇಲೆ ಕೂಡಿ ಹಾಡುವುದೆಂಬುದು ನಮ್ಮ ಸಾಮಾನ್ಯ ಕ್ರಮ. ಹಾಡಿಯೇ ಪರಿಚಯವಾಗಬಹುದೆಂಬುದು ಇದರಿಂದ ತಿಳಿಯುತ್ತದೆ.

ವ್ಯಕ್ತಿಯಿಂದ ಸಮಾಜಕ್ಕೆ ಬಂದರೆ ಈ ಶಕ್ತಿ ಇನ್ನೂ ದೊಡ್ಡದು. 1924ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ಏಕೀಕರಣದ ಗೀತೆ ಮೊಳಗಿದಾಗ ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಆಗ ಹೊಸಪೇಟೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಸಂಡೂರು ಪ್ರತ್ಯೇಕ ಸಂಸ್ಥಾನ. ನಕ್ಷೆಯಲ್ಲಿ ಇಲ್ಲದ ನಾಡು ಮೊದಲು ಕೊರಳುಗಳಲ್ಲಿ ಒಂದಾಯಿತು. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ 1869ರಲ್ಲಿ ಆರಂಭವಾದ ಹಾಡಿನ ಹಬ್ಬ ಜನಾಂಗದ ಭಾಷೆಯನ್ನು ಕಾಯಿತು. 1988ರಲ್ಲಿ ಜನ ಲಕ್ಷಗಟ್ಟಲೆಯಾಗಿ ನೆರೆದು ಹಾಡಿದರು, 1991ರಲ್ಲಿ ಸ್ವಾತಂತ್ರ್ಯವನ್ನು ಮರಳಿ ಪಡೆದರು.

ಆದರೆ ಒಂದು ಎಚ್ಚರಿಕೆ ಅವಶ್ಯ. ಒಳಗಿರುವವರನ್ನು ಬೆಸೆಯುವ ಹಾಡೇ ಹೊರಗಿರುವವರನ್ನು ಇನ್ನಷ್ಟು ಹೊರಗಿಡಲೂ ಬಲ್ಲದು. ನಾವು ಬಹುಕಾಲದ ಹಿಂದೆ ಒಂದು ಮೇಳದಲ್ಲಿ ಕುಳಿತಿದ್ದೆವು. ಬಾಗಿಲಿನ ಹೊರಗೆ ಮೆಟ್ಟಿಲ ಮೇಲೆ ನಿಂತ ಮುದುಕನೊಬ್ಬನು ಪ್ರತಿಯೊಂದು ಪಲ್ಲವಿಯನ್ನೂ ನಮಗಿಂತ ಚೆನ್ನಾಗಿ ಹಾಡುತ್ತಿದ್ದನು. ಅವನನ್ನು ಒಳಗೆ ಕರೆಯಬೇಕೆಂದು ಒಬ್ಬರಿಗೂ ತೋಚಲಿಲ್ಲ, ನಮಗೂ ತೋಚಲಿಲ್ಲ. ಮಂಗಳ ಹಾಡಿ ಎದ್ದು ನೋಡಿದಾಗ ಅವನಿರಲಿಲ್ಲ. ಕನಕದಾಸರ ಪದವನ್ನು ನಾವು ಅಂದು ಹಾಡಿದ್ದೆವೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ಕುಗ್ಗುತ್ತದೆ. ಮೇಳ ಕಟ್ಟುವವರು ಶ್ರುತಿ ನೋಡುವುದಕ್ಕೆ ಮುಂಚೆ ಬಾಗಿಲ ಕಡೆ ಒಮ್ಮೆ ನೋಡತಕ್ಕದ್ದು.

ಕೊನೆಯದಾಗಿ, ಪ್ರಾರಂಭಿಸಬೇಕೆನ್ನುವವರಿಗೆ ನಾಲ್ಕು ಮಾತು. ಹತ್ತು ಹನ್ನೆರಡು ಮಂದಿ ಸಾಕು. ವಾರಕ್ಕೊಂದು ಸಂಜೆ ಸಾಕು. ವೇದಿಕೆಯಂತೆ ಸಾಲಾಗಿ ಕೂಡದೆ, ಮುಖ ಕಾಣುವಂತೆ ವರ್ತುಲವಾಗಿ ಕುಳಿತುಕೊಳ್ಳಿರಿ. ಅತ್ಯುತ್ತಮ ಗಾಯಕನಿಗೆ ಅನುಕೂಲವಾದ ಶ್ರುತಿಯನ್ನು ಹಿಡಿಯದೆ, ಎಲ್ಲರಿಗಿಂತ ವಯಸ್ಸಾದವರ ಕಂಠಕ್ಕೆ ಎಟಕುವ ಶ್ರುತಿಯನ್ನು ಹಿಡಿಯಿರಿ. ಧ್ವನಿವರ್ಧಕವನ್ನು ದೂರವಿಡಿರಿ, ಅದು ಒಬ್ಬನ ಸ್ವರವನ್ನು ಹಿಗ್ಗಿಸಿ ಹತ್ತು ಮಂದಿಯ ಬಾಯಿ ಕಟ್ಟುತ್ತದೆ. ಪಕ್ಕದವರ ದನಿ ಕೇಳಿಸದಷ್ಟು ಗಟ್ಟಿಯಾಗಿ ಯಾರೂ ಹಾಡಬಾರದೆಂಬುದೊಂದೇ ನಿಯಮವಿರಲಿ. ದೇವರನಾಮವಾಗಲಿ, ವಚನವಾಗಲಿ, ತತ್ತ್ವಪದವಾಗಲಿ, ನಾಡಿನ ಗೀತೆಯಾಗಲಿ, ಎಲ್ಲರಿಗೂ ಒಪ್ಪುವುದನ್ನು ಆರಿಸಿರಿ. ಸ್ಪರ್ಧೆ, ಬಹುಮಾನಗಳನ್ನು ಮಕ್ಕಳಿಗೆ ಬಿಟ್ಟುಬಿಡಿರಿ.

ವಿಠ್ಠಲನ ಗುಡಿಯಲ್ಲಿ ತಟ್ಟಿದರೆ ನಾದ ಹೊರಡುವ ಕಂಬಗಳಿವೆ. ಅವು ಕೆಡದಿರಲೆಂದು ಈಗ ಅವನ್ನು ತಟ್ಟುವುದನ್ನು ನಿಷೇಧಿಸಿದ್ದಾರೆ. ನೋಡಲು ಬಂದವರು ಇದಕ್ಕಾಗಿ ಬೇಸರಪಡುವುದನ್ನು ನಾವು ಕಂಡಿದ್ದೇವೆ. ಕಲ್ಲಿಗೆ ಆ ಕಟ್ಟು ತಕ್ಕದ್ದೇ. ತಟ್ಟಿದಷ್ಟೂ ಕಲ್ಲು ಸವೆಯುತ್ತದೆ. ಮನುಷ್ಯನ ಕೊರಳಿನ ಧರ್ಮ ಬೇರೆ, ಬಳಸದೆ ಬಿಟ್ಟರೆ ಅದು ಕೆಡುತ್ತದೆ. ಮುಂದಿನ ಪುಷ್ಯದ ಅಮಾವಾಸ್ಯೆಗೆ ಹೊಳೆ ಇಳಿದಿರುತ್ತದೆ, ಮಂಟಪ ತೆರೆದಿರುತ್ತದೆ. ಅಷ್ಟರೊಳಗೆ ತಮ್ಮ ತಮ್ಮ ಬೀದಿಯಲ್ಲಿ ಒಂದು ಸಂಜೆಯಾದರೂ ನೆರೆಯವರೊಡನೆ ಕುಳಿತು ಒಂದು ಪಲ್ಲವಿಯನ್ನು ಹಾಡಿ ನೋಡಬೇಕೆಂದು ತಮ್ಮಲ್ಲಿ ಬಿನ್ನವಿಸಿ, ಈ ಮಾತನ್ನು ಮುಗಿಸುತ್ತೇವೆ.