ಕೊಯ್ಯದೆ ಕಾಣುವ ಒಡಲು

ಕಲಬುರಗಿಯ ಕೋಟನೂರ, ಕಮಲಾಪುರದ ಕಡೆ ತೊಗರಿ ಬೆಳೆಯುವವರಿಗೆ ಗೊಡ್ಡು ರೋಗದ ಹೆಸರು ಹೇಳಿದರೆ ಸಾಕು. ಗಿಡ ಪೊದೆಯಾಗಿ ನಿಲ್ಲುತ್ತದೆ, ಎಲೆ ಸಣ್ಣದಾಗಿ ಬಿಳಚಿಕೊಳ್ಳುತ್ತದೆ, ಹೂವೂ ಇಲ್ಲ, ಕಾಯಿಯೂ ಇಲ್ಲ. 1931ರಲ್ಲಿ ಬಿಹಾರದ ಪೂಸಾದಿಂದ ಮೊದಲು ವರದಿಯಾದ ರೋಗವಿದು. ಇದನ್ನು ಹೊತ್ತು ತಿರುಗುವುದು ಗಾಳಿಯಲ್ಲಿ ತೇಲಿ ಬರುವ ಅಸೆರಿಯಾ ಕಜಾನಿ ಎಂಬ ನುಸಿ ಎಂದು ತಿಳಿದದ್ದು 1960ರ ದಶಕದಲ್ಲಿ. ಅದು ಸಾಗಿಸುವ ವೈರಸ್ ಪತ್ತೆಯಾದದ್ದು 2000ದ ಹೊತ್ತಿಗೆ. ಒಂದು ಬೆಳೆಯ ಶತ್ರುವನ್ನು ಗುರುತಿಸಲು ಸುಮಾರು ಎಪ್ಪತ್ತು ವರ್ಷ! ತೆಂಗಿನ ನುಸಿ ಪೀಡೆಯ ಕುಲಬಂಧುವಾದ ಈ ಜೀವಿಯ ಉದ್ದ ಸುಮಾರು 0.2 ಮಿಲಿಮೀಟರ್. ಜೇಡದ ಬಳಗಕ್ಕೆ ಸೇರಿದ್ದರೂ ಇದಕ್ಕಿರುವುದು ನಾಲ್ಕೇ ಕಾಲು.

ಇಷ್ಟು ಚಿಕ್ಕ ಮೈಯ ಕರುಳು, ನರ, ಸ್ನಾಯುಗಳನ್ನು ಹೇಗೆ ನೋಡುವುದು? ಮೇಣದಲ್ಲಿ ಹುದುಗಿಸಿ ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕಕ್ಕೆ ಒಡ್ಡುವುದು ಹಳೆಯ ದಾರಿ. ಅದರಲ್ಲಿ ಒಂದು ಹೋಳು ಹರಿದರೆ ಅಷ್ಟು ಭಾಗ ಕಳೆದುಹೋದಂತೆ. ಅಪರೂಪದ ಮಾದರಿಯಾದರೆ ಸಂಗ್ರಹಾಲಯದವರು ಕತ್ತಿ ಮುಟ್ಟಿಸಲು ಬಿಡುವುದೇ ಇಲ್ಲ.

ಮೈಕ್ರೋ ಸಿಟಿ ಎಂಬ ಕ್ಷ-ಕಿರಣ ಚಿತ್ರಣ ಈ ಕಷ್ಟವನ್ನು ಬಹುಮಟ್ಟಿಗೆ ಕಳೆದಿದೆ. ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನಲ್ಲಿ ಯಂತ್ರ ರೋಗಿಯ ಸುತ್ತ ತಿರುಗುತ್ತದೆ. ಇಲ್ಲಿ ಕ್ಷ-ಕಿರಣದ ಎದುರು ಕೀಟವೇ ಇಷ್ಟಿಷ್ಟೇ ತಿರುಗುತ್ತದೆ. ನೂರಾರು, ಕೆಲವೊಮ್ಮೆ ಸಾವಿರಾರು ನೆರಳುಚಿತ್ರಗಳನ್ನು ಕಂಪ್ಯೂಟರ್ ಕೂಡಿಸಿ ಮೂರು ಆಯಾಮದ ದೇಹ ಕಟ್ಟುತ್ತದೆ. ಲಂಡನ್ನಿನ ಎಲಿಯಟ್ ಮತ್ತು ಡೋವರ್ 1982ರಲ್ಲಿ ಒಂದು ಪುಟ್ಟ ಬಸವನಹುಳುವಿನ ಚಿಪ್ಪನ್ನು ಹೀಗೆ ಚಿತ್ರಿಸಿದ್ದರು. ಚಿಪ್ಪು ಗಟ್ಟಿ, ಸುಲಭ. ಕೀಟದ ಒಳಗಿನ ಮೆತ್ತನೆಯ ಅಂಗಗಳಲ್ಲಿ ಕ್ಷ-ಕಿರಣ ಹೆಚ್ಚು ತಡೆಯಿಲ್ಲದೆ ಹಾದುಹೋಗುವುದರಿಂದ ಎಲ್ಲವೂ ಒಂದೇ ಬೂದು ಬಣ್ಣ. ಅದಕ್ಕೇ ಮಾದರಿಯನ್ನು ಅಯೋಡಿನ್ ದ್ರಾವಣದಲ್ಲಿ ನೆನೆಸುತ್ತಾರೆ. ಅಯೋಡಿನ್ ಹೀರಿಕೊಂಡ ಅಂಗಾಂಶ ಎದ್ದು ಕಾಣುತ್ತದೆ. ಅಲುಗಾಡದಂತೆ ಸಣ್ಣ ಕೊಳವೆಯಲ್ಲಿ ಕೂರಿಸುವುದೂ ನುರಿತ ಕೈಯ ಕೆಲಸ. ಕೂದಲೆಳೆಯಷ್ಟು ಜರುಗಿದರೂ ಇಡೀ ಚಿತ್ರ ಮಸುಕು.

ಒಳ್ಳೆಯ ಪ್ರಯೋಗಾಲಯ ಯಂತ್ರ ಒಂದು ಮೈಕ್ರೋಮೀಟರ್‌ನ ಆಸುಪಾಸಿನ ವಿವರ ಕೊಡುತ್ತದೆ. ನುಸಿಯಂಥದ್ದಕ್ಕೆ ಸಿಂಕ್ರೊಟ್ರಾನ್ ಎಂಬ ಭಾರಿ ಕಣವೇಗವರ್ಧಕದ ಪ್ರಖರ ಕ್ಷ-ಕಿರಣವೇ ಮೇಲು. ನಮ್ಮ ದೇಶದಲ್ಲಿ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನಲ್ಲಿ ಚಿತ್ರಣಕ್ಕೆಂದೇ ಒಂದು ಕಿರಣಮಾರ್ಗವಿದೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಇಂಥ ಕಿರಣ ಜೀವಂತ ದುಂಬಿಯ ಉಸಿರುನಾಳಗಳು ಕುಗ್ಗಿ ಹಿಗ್ಗುವುದನ್ನೇ ತೋರಿಸಿತು. ಕೀಟಗಳಲ್ಲಿ ಗಾಳಿ ಬಹುತೇಕ ತಾನಾಗಿಯೇ ಒಳಗೆ ಹರಡುತ್ತದೆ ಎಂಬ ಹಳೆಯ ನಂಬಿಕೆಯನ್ನು ಅದನ್ನು ವರದಿ ಮಾಡಿದ 2003ರ ಪ್ರಬಂಧ ಅಲುಗಿಸಿತು. ಕ್ಷ-ಕಿರಣದಿಂದ ಜೀವಕ್ಕೆ ಹಾನಿಯೇ ಇಲ್ಲವೆಂದಲ್ಲ, ಪ್ರಮಾಣ ಮಿತಿಯಲ್ಲಿರಬೇಕು.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಉಪಯೋಗ ಕಾಳಿನಲ್ಲಿದೆ. ತೊಗರಿಕಾಳಿನ ಮೇಲೆ ದುಂಬಿ ಮೊಟ್ಟೆ ಅಂಟಿಸುತ್ತದೆ. ಮರಿ ನೇರ ಒಳಗೆ ಕೊರೆದು ಹೋಗುತ್ತದೆ. ಅದು ಬೆಳೆದು ತೂತು ಮಾಡಿ ಹೊರಬರುವವರೆಗೆ ಕಾಳು ನೋಡಲು ಚೆನ್ನಾಗಿಯೇ ಇರುತ್ತದೆ. ಕಾಳು ಒಡೆಯದೆ, ಅದೇ ಕಾಳನ್ನು ದಿನ ಬಿಟ್ಟು ದಿನ ಚಿತ್ರಿಸಿದರೆ ಯಾವ ತಳಿಯಲ್ಲಿ ಮರಿ ಸೊರಗುತ್ತದೆ, ಯಾವುದರಲ್ಲಿ ಕೊಬ್ಬುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೇಳೆ ನಮ್ಮದು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಲಬುರಗಿ ಸಂಶೋಧನಾ ಕೇಂದ್ರದಲ್ಲಿ ತಳಿ ಆರಿಸುವ ದಿನ ಇಂಥ ಚಿತ್ರಗಳೂ ಮೇಜಿನ ಮೇಲಿರಲಿ ಎಂಬುದು ನನ್ನ ಆಸೆ.